ಪಾಳು ಅಂದವರು ಯಾರು?



ನಗರದ ಉದ್ಯಾನಗಳಲ್ಲಿ, ಊರ ನಡುವಿನ ಹಳ್ಳಕೊಳ್ಳಗಳಲ್ಲಿ ಆ ನೆಲಕ್ಕೆ ಮೊದಲಿದ್ದ ಗಿಡಗಂಟಿಗಳನ್ನೇ ಮತ್ತೆ ಬೆಳೆಸಬೇಕು ಎಂಬ ಮಾತು ಈಗ ದೊಡ್ಡ ಊರುಗಳಲ್ಲಿ ಕೇಳಿಬರುತ್ತಿದೆ. ಈ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮವರಲ್ಲಿ ಅನೇಕರು ನಕ್ಕುಬಿಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ ಅನ್ನುತ್ತಾರೆ. ಆ ನಗೆಗೆ ಕಾರಣವಿದೆ. ನಗರದ ಹಸಿರಿನ ಬಗ್ಗೆ ಮಾತಾಡಿದವರು ಅನೇಕ ಸಲ ಮೊದಲು ಮಾಡಿದ್ದು ಹಳ್ಳದ ದಂಡೆಯ ಗುಡಿಸಲು ಎತ್ತಿಸಿದ್ದು. ಆಮೇಲೆ ಅಲ್ಲಿ ಹುಲ್ಲುಹಾಸು ಹಾಸಿ, ಗೇಟು ಹಾಕಿ, "ಹುಲ್ಲಿನ ಮೇಲೆ ಕಾಲಿಡಬಾರದು" ಎಂದು ಬೋರ್ಡು ಬರೆಸಿದರು. ಕಾಲಿಡಬಾರದು ಎಂಬ ಮಾತು ನಮಗೇನು ಹೊಸದಲ್ಲ. ಗುಡಿಯ ಮೆಟ್ಟಿಲ ಮೇಲೆ, ಬಾವಿಯ ಕಟ್ಟೆಯ ಮೇಲೆ ಅದನ್ನು ನಾವು ತಲೆತಲಾಂತರದಿಂದ ಕೇಳುತ್ತ ಬಂದಿದ್ದೇವೆ.

ಆದರೂ ಈ ಪ್ರಶ್ನೆಯನ್ನು ನಕ್ಕು ಬಿಡುವ ಹಾಗಿಲ್ಲ. ಇದು ಹೂವಿನ ಪ್ರಶ್ನೆಯಲ್ಲ. ಒಂದು ನೆಲವನ್ನು ಪಾಳು ಎಂದು ಕರೆದವರು ಯಾರು, ಹಾಗೆ ಕರೆದು ಅದನ್ನು ಏನು ಮಾಡಿದರು, ಈಗ ಅದನ್ನು ಮತ್ತೆ ಹಸಿರು ಮಾಡುತ್ತೇವೆ ಅನ್ನುವಾಗ ಯಾರಿಗಾಗಿ ಮಾಡುತ್ತಾರೆ ಎಂಬ ನ್ಯಾಯದ ಪ್ರಶ್ನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಅಂದರೆ ಹೊರಗಿನವರಿಗೆ ನೆನಪಾಗುವುದು ಸಿಮೆಂಟು, ಪರಸಿ ಕಲ್ಲು, ತೊಗರಿ, ಬಿಸಿಲು. ತೆಲಂಗಾಣದ ಕಡೆಯಿಂದ ಹರಿದುಬಂದು ಸೇಡಂ, ಮಳಖೇಡ ದಾಟಿ ಭೀಮೆಯನ್ನು ಸೇರುವ ಕಾಗಿಣಾದ ಕೊಳ್ಳ ಇದು. ಕೆಳಗೆ ಸುಣ್ಣದ ಕಲ್ಲಿನ ಪದರು, ಮೇಲೆ ಕರಿಮಣ್ಣು. ಉತ್ತರಕ್ಕೆ ಚಿಂಚೋಳಿಯ ಕಡೆ ಹೋದರೆ ಕೆಂಪು ಜಂಬಿಟ್ಟಿಗೆಯ ಗುಡ್ಡ, ಅದರ ಮೇಲೆ ಕಾಡು. 2011ರಲ್ಲಿ ಸರಕಾರ ಆ ಕಾಡಿನ 134.88 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ಅದೊಂದು ಬಿಟ್ಟರೆ ರಾಜ್ಯದಲ್ಲಿ ಕಾಡು ತೀರಾ ಕಡಿಮೆ ಇರುವ ಜಿಲ್ಲೆಗಳ ಸಾಲಿಗೆ ನಮ್ಮದೂ ಸೇರುತ್ತದೆ.

ಈ ನೆಲದ ಸಹಜ ಸಸ್ಯ ಅಂದರೆ ಮಲೆನಾಡಿನಂತೆ ಮುಗಿಲು ಮುಟ್ಟುವ ಮರವಲ್ಲ. ಕುರುಚಲು ಕಾಡು, ನಡುನಡುವೆ ಹುಲ್ಲುಗಾವಲು. ಬೇವು, ಮುತ್ತಲ, ಕರಿಜಾಲಿ, ಬನ್ನಿ, ಬಾರಿ, ಕವಳಿ, ತಂಗಡಿ, ಲಕ್ಕಿ, ಎಕ್ಕಿ. ಹಳ್ಳದ ದಂಡೆಗೆ ಹೊಂಗೆ, ಸಿಂದಿ ಗಿಡ. ಮಳೆ ಬಿದ್ದ ಎಂಟು ದಿನಕ್ಕೆ ಏಳುವ, ದೀಪಾವಳಿ ಕಳೆದರೆ ಬಂಗಾರದ ಬಣ್ಣಕ್ಕೆ ತಿರುಗುವ ಹುಲ್ಲು. ನೋಡಿದವರಿಗೆ ಇದರಲ್ಲಿ ಚಂದ ಕಾಣುವುದಿಲ್ಲ. "ಏನದ ಅಲ್ಲಿ? ಬರೀ ಕಲ್ಲು, ಕಂಟಿ" ಅನ್ನುತ್ತಾರೆ. ಆದರೆ ಆ ಕಂಟಿಯಲ್ಲೇ ನಮ್ಮ ಆಯಿಗಳು ಬಾರಿಹಣ್ಣು ಆರಿಸಿದರು, ಮುತ್ತಲ ಎಲಿ ಕಿತ್ತು ಪತ್ರೋಳಿ ಹಚ್ಚಿದರು, ಸಿಂದಿ ಗರಿಯಿಂದ ಕಸಬರಿಗಿ ಕಟ್ಟಿದರು, ಒಲಿಗೆ ಕಟ್ಟಿಗಿ ತಂದರು. ಹೊಲ ಇಲ್ಲದವರ ಹೊಲ ಅದು. ಪಟ್ಟಾ ಇಲ್ಲ, ಪಹಣಿ ಇಲ್ಲ. ಆದರೂ ಬರಗಾಲದಲ್ಲಿ ಕೈಬಿಡಲಿಲ್ಲ.

ಅದಕ್ಕೆ ಕಂದಾಯದ ಕಾಗದದಲ್ಲಿ ಬಿದ್ದ ಹೆಸರು ಬೇರೆ. ಗಾಯರಾಣ, ಖಾರಿಜ್ ಖಾತಾ, ಪರಂಪೋಕ, ಪಡ. ಕಂದಾಯ ಕೊಡದ ನೆಲ ದೊರೆಯ ಕಣ್ಣಿಗೆ ಬರಡು. ನಿಜಾಮನ ಕಾಲದಲ್ಲೂ ಹಾಗೆ, ಬ್ರಿಟಿಷರ ಕಾಲದಲ್ಲೂ ಹಾಗೆ, ಸ್ವಾತಂತ್ರ್ಯ ಬಂದ ಮೇಲೂ ಹಾಗೆ. 1985ರಲ್ಲಿ ದಿಲ್ಲಿಯಲ್ಲಿ ಪಾಳು ಭೂಮಿ ಅಭಿವೃದ್ಧಿ ಮಂಡಳಿ ಎಂಬುದೇ ಹುಟ್ಟಿತು. 2000ದಲ್ಲಿ ದೇಶದ ಪಾಳು ಭೂಮಿಯ ನಕಾಶೆ ಪುಸ್ತಕ ಅಚ್ಚಾಯಿತು. ಅದರಲ್ಲಿ ಕುರುಚಲು ಗಿಡಗಳ ನೆಲವೂ ಪಾಳಿನ ಲೆಕ್ಕಕ್ಕೇ ಸೇರಿತು. ಮೊಲ, ತೋಳ, ನರಿ ಬದುಕುವ ನೆಲ, ಕುರಿ ಮೇಯುವ ನೆಲ, ಬಡವರ ಒಲಿ ಉರಿಸಿದ ನೆಲ, ಕಾಗದದಲ್ಲಿ ಪಾಳು.

ನಮಗೆ ಈ ಲೆಕ್ಕ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ಮೊದಲು ಹೆಸರಿಡುವುದು, ಆಮೇಲೆ ಕಸಿಯುವುದು ಈ ವ್ಯವಸ್ಥೆಯ ಹಳೆಯ ಹುನ್ನಾರ. ಮನುಷ್ಯನನ್ನು ಕೀಳು ಎಂದು ಕರೆದಮೇಲೆ ಅವನ ದುಡಿಮೆಯನ್ನು ಬಿಟ್ಟಿಯಾಗಿ ತೆಗೆದುಕೊಳ್ಳಬಹುದು. ನೆಲವನ್ನು ಪಾಳು ಎಂದು ಕರೆದಮೇಲೆ ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಎರಡೂ ಕಡೆ ಕೆಲಸ ಮಾಡುವುದು ಒಂದೇ ನಾಲಿಗೆ.

ಇದಕ್ಕೆ ಕರ್ನಾಟಕದಲ್ಲೇ ದೊಡ್ಡ ಸಾಕ್ಷಿಯಿದೆ. 1984ರಲ್ಲಿ ರಾಜ್ಯ ಸರಕಾರ ಒಂದು ನಾರು ಕಾರ್ಖಾನೆಯ ಜತೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿತು. ನೀಲಗಿರಿ ಬೆಳೆಸಲಿಕ್ಕೆ ಸುಮಾರು 30,000 ಹೆಕ್ಟೇರ್ ಜಮೀನು ಕೊಡುವ ಯೋಜನೆ. ಕಾಗದದಲ್ಲಿ ಅದು ಸಿ ಮತ್ತು ಡಿ ದರ್ಜೆಯ ಜಮೀನು. ಹಳ್ಳಿಗರಿಗೆ ಅದೇ ದನದ ಮೇವು, ಅದೇ ಉರುವಲು. ಸರಕಾರ ಅದನ್ನೂ "ಹಸಿರು" ಎಂದೇ ಕರೆಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನಾ ಸಮುದಾಯದ ಕರೆಗೆ ಸೇರಿದ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. "ಕಿತ್ತಿಕೋ ಹಚ್ಚಿಕೋ" ಎಂದೇ ಆ ಚಳುವಳಿಗೆ ಹೆಸರು ಬಂತು. ಕೊನೆಗೆ ಕಂಪನಿ ಮುಚ್ಚಿತು. ನಾವು ಅದರಿಂದ ಕಲಿಯಬೇಕಾದ್ದು ಇಷ್ಟು: ಹಸಿರು ಬಣ್ಣವೊಂದೇ ಪುಣ್ಯವಲ್ಲ. ಯಾವ ಗಿಡ, ಯಾರ ನೆಲದಲ್ಲಿ, ಯಾರು ತೀರ್ಮಾನ ಮಾಡಿದರು ಎಂಬ ಮೂರು ಪ್ರಶ್ನೆ ಕೇಳದೆ ಯಾವ ಹಸಿರಿಗೂ ಕೈ ಮುಗಿಯಬಾರದು.

ಹಾಗಾದರೆ ಸಹಜ ಸಸ್ಯ ತಿರುಗಿ ಬಂದರೆ ನಮಗೇನು ಬರುತ್ತದೆ? ಭಾವುಕತೆ ಬಿಟ್ಟು ಲೆಕ್ಕ ಹಾಕೋಣ.

ಮೊದಲನೆಯದು ನೀರು. ನಮ್ಮ ಕಡೆ ಮಳೆ ಹದವಾಗಿ ಬರುವುದಿಲ್ಲ. ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಬತ್ತಲೆ ನೆಲದ ಮೇಲೆ ಬಿದ್ದ ಮಳೆ ಮಣ್ಣು ಕಿತ್ತುಕೊಂಡು ನಾಲಾಕ್ಕೆ, ನಾಲಾದಿಂದ ಕಾಗಿಣಾಕ್ಕೆ ಓಡುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಕಾಗಿಣಾ, ಭೀಮೆಯ ದಂಡೆಯ ಊರುಗಳು ಏನು ಕಂಡವು ಎಂಬುದು ನಿಮಗೆ ಗೊತ್ತು. ಒಂದು ಕಂಟಿ ಪ್ರವಾಹ ನಿಲ್ಲಿಸುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಹುಲ್ಲಿನ ಬುಡ ಹನಿಯ ಹೊಡೆತ ತಡೆಯುತ್ತದೆ, ಬೇರು ಮಣ್ಣಿನಲ್ಲಿ ದಾರಿ ಮಾಡುತ್ತದೆ, ಉದುರಿದ ಎಲೆ ನೀರನ್ನು ಹಿಡಿಯುತ್ತದೆ. ಓಡುವ ನೀರು ನಡೆಯುತ್ತದೆ, ನಡೆಯುವ ನೀರು ಇಂಗುತ್ತದೆ. ಏಪ್ರಿಲಿನಲ್ಲಿ ಕೊಡ ಹೊತ್ತು ನಿಲ್ಲುವವರು ಯಾರು ಎಂದು ನೆನೆದರೆ ಇದು ಯಾರ ಲಾಭವೆಂದು ತಿಳಿಯುತ್ತದೆ.

ಎರಡನೆಯದು ಬಿಸಿಲು. ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಬಿಸಿಲು ಮಾಮೂಲಿ. ಆ ಬಿಸಿಲಲ್ಲಿ ಕೂಲರಿನ ಮುಂದೆ ಕೂತವರು ಬೇರೆ, ಕಲ್ಲಿನ ಖಣಿಯಲ್ಲಿ ಸುತ್ತಿಗೆ ಹಿಡಿದವರು ಬೇರೆ. ಗಿಡ ನೆರಳು ಕೊಡುವುದು ಮಾತ್ರವಲ್ಲ. ಎಲೆಯಿಂದ ನೀರಿನ ಆವಿ ಬಿಟ್ಟು ಸುತ್ತಲ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ಬಯಲಲ್ಲಿ ದುಡಿಯುವ ಮೈಗೆ ಗಿಡ ಅಲಂಕಾರವಲ್ಲ, ಅದು ಕೂಲಿಯ ಭಾಗ.

ಮೂರನೆಯದು ಧೂಳು. ಒಂದು ಕಾಲಕ್ಕೆ ಶಹಾಬಾದ, ಆಮೇಲೆ ವಾಡಿ, 1980ರ ದಶಕದಲ್ಲಿ ಮಳಖೇಡ, ಸೇಡಂ, ಹೀಗೆ ಸಿಮೆಂಟಿನ ಚಿಮಣಿ ನಮ್ಮ ಸೀಮೆಯ ತುಂಬ ಎದ್ದವು. ಖಣಿಯ, ಲಾರಿಯ ಹಾದಿಯ ಧೂಳು ಎಲೆಯ ಉಸಿರನ್ನೂ ಕಟ್ಟುತ್ತದೆ, ಮಕ್ಕಳ ಉಸಿರನ್ನೂ ಕಟ್ಟುತ್ತದೆ. ಒತ್ತಾದ ಗಿಡಗಂಟಿ ಧೂಳಿನ ಒಂದು ಪಾಲನ್ನು ತಡೆಯುತ್ತದೆ. ಒಂದು ಪಾಲು ಮಾತ್ರ. ಮಿಕ್ಕದ್ದನ್ನು ಚಿಮಣಿಯ ಬಾಯಲ್ಲೇ ತಡೆಯಬೇಕು. ಗಿಡ ನೆಟ್ಟು ಚಿಮಣಿಗೆ ಮಾಫಿ ಕೊಡಬಾರದು.

ನಾಲ್ಕನೆಯದು ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ ಹೂವಿಗೆ ಜೇನು, ದುಂಬಿ ಬರಬೇಕು. ಕಾಯಿ ಕೊರೆಯುವ ಹುಳುವನ್ನು ಹಕ್ಕಿ ತಿನ್ನಬೇಕು. ಬದುವಿನಲ್ಲಿ, ಹಳ್ಳದಲ್ಲಿ ಒಂದು ಗಿಡವೂ ಇಲ್ಲದಿದ್ದರೆ ಜೇನು, ಹಕ್ಕಿ ಎಲ್ಲಿ ಇರಬೇಕು? ಆಗ ಉಳಿಯುವುದು ಎಣ್ಣಿ ಹೊಡೆಯುವುದು ಒಂದೇ. ಎಣ್ಣಿಯ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಹೊಲದಲ್ಲಿ ನಡೆಯುವವನು ಹೊಲದ ಸಾಹುಕಾರನಲ್ಲ, ನಮ್ಮ ತಮ್ಮ.

ಇಷ್ಟೆಲ್ಲ ಸರಿ. ಆದರೆ ಇಲ್ಲಿ ನಮ್ಮನ್ನು ಕಾಡುವ ಎರಡು ಅನುಮಾನಗಳನ್ನು ಮುಚ್ಚಿಡಬಾರದು.

ಮೊದಲ ಅನುಮಾನ ಮಡಿಯದು. "ಈ ನೆಲದ ಗಿಡ ಇರಲಿ, ಹೊರಗಿನ ಗಿಡ ಕಿತ್ತೊಗೆಯಿರಿ" ಎಂಬ ಮಾತಿನಲ್ಲಿ ಮಡಿ-ಮೈಲಿಗೆಯ ವಾಸನೆ ಇಲ್ಲವೆ? ಹುಟ್ಟಿನಿಂದ ಶುದ್ಧ, ಹುಟ್ಟಿನಿಂದ ಅಶುದ್ಧ ಎಂಬ ಮಾತನ್ನು ಮನುಷ್ಯರ ವಿಷಯದಲ್ಲಿ ಸುಟ್ಟುಹಾಕಲು ಹೊರಟ ನಾವು ಗಿಡಗಳ ವಿಷಯದಲ್ಲಿ ಒಪ್ಪಬೇಕೆ?

ಒಪ್ಪಬೇಕಾಗಿಲ್ಲ. ನಮ್ಮ ಖಾರದ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಗುಡ್ಡದ ಸೀತಾಫಲವೂ ಅಲ್ಲಿಂದಲೇ ಬಂದದ್ದು. ಅದರ ಬುಟ್ಟಿ ಹೊತ್ತು ಮಾರಿ ಎಷ್ಟೋ ಬಡ ಹೆಂಗಸರು ಮಕ್ಕಳ ಹೊಟ್ಟೆ ಹೊರೆದಿದ್ದಾರೆ. ಹುಣಸೆ ಆಫ್ರಿಕದಿಂದ ಬಂದು ಸಾವಿರಾರು ವರ್ಷ ಆಯಿತು. ಇವಕ್ಕೆ ನಾವು ಜಾತಿ ಪ್ರಮಾಣಪತ್ರ ಕೇಳುವುದಿಲ್ಲ. ಬಳ್ಳಾರಿ ಜಾಲಿಯನ್ನು ನೋಡಿ. ಅದೂ ಅಮೆರಿಕ ಖಂಡದ್ದೇ. 1870ರ ದಶಕದಲ್ಲಿ ಬ್ರಿಟಿಷರು ಉರುವಲಿಗೆಂದು ಕಡಪಾ ಸೀಮೆಗೆ ತಂದರು. ಅದರ ತಪ್ಪು ಹೊರಗಿಂದ ಬಂದದ್ದಲ್ಲ. ಬಂದ ಕಡೆ ಇನ್ನೊಬ್ಬರನ್ನು ಬದುಕಗೊಡದ್ದು. ಹಳ್ಳದ ತುಂಬ ತಾನೇ ನಿಂತು ಹುಲ್ಲನ್ನು, ಬಾರಿಯನ್ನು, ತಂಗಡಿಯನ್ನು ಹೊರಗೆ ಹಾಕುತ್ತದೆ. ಅಂದರೆ ಗಿಡಗಳಲ್ಲಿ ಅದು ಜಮೀನ್ದಾರ. ಬುದ್ಧ ಮನುಷ್ಯನನ್ನು ಹುಟ್ಟಿನಿಂದ ಅಳೆಯಲಿಲ್ಲ, ನಡತೆಯಿಂದ ಅಳೆದ. ಗಿಡಕ್ಕೂ ಅದೇ ಅಳತೆ ಸಾಕು: ಎಲ್ಲಿ ಹುಟ್ಟಿತು ಎಂದು ಕೇಳಬೇಡಿ, ತನ್ನ ಜೊತೆ ಎಷ್ಟು ಜೀವಕ್ಕೆ ಜಾಗ ಬಿಡುತ್ತದೆ ಎಂದು ಕೇಳಿ. ಈ ನೆಲದ ಗಿಡಗಳನ್ನು ನಾವು ಮುಂದೆ ತರಬೇಕಾದ್ದು ಅವು ಶುದ್ಧವೆಂದಲ್ಲ. ಅವು ಇಲ್ಲಿನ ಹುಳು, ಹಕ್ಕಿ, ಮಣ್ಣು, ಮಳೆಯ ಜೊತೆ ಕೂಡಿ ಬಾಳುವುದನ್ನು ಬಹುಕಾಲ ಕಲಿತಿವೆ ಎಂಬುದಕ್ಕೆ.

ಆದರೆ ಜಾಲಿಗೆ ಕೊಡಲಿ ಎತ್ತುವ ಮೊದಲು ಇನ್ನೊಂದು ಮಾತು. ಗಾಯರಾಣವೆಲ್ಲ ಹೋದಮೇಲೆ ಬಡವರ ಒಲಿಗೆ ಉಳಿದ ಕಟ್ಟಿಗಿ ಈ ಜಾಲಿಯದೇ. "ಜಾಲಿ ಕಡ್ದು ಒಗದ್ರ ನಾ ರೊಟ್ಟಿ ಎದರ ಮ್ಯಾಲ ಸುಡ್ಲಿ?" ಎಂದು ಒಬ್ಬ ಅವ್ವ ಕೇಳಿದರೆ ಪರಿಸರದ ಯಾವ ಪಂಡಿತನ ಹತ್ತಿರ ಉತ್ತರವಿದೆ? ಗ್ಯಾಸಿನ ಸಿಲಿಂಡರ್ ಮನೆಯಲ್ಲಿ ಇರುವುದು ಬೇರೆ, ಅದನ್ನು ಮತ್ತೆ ತುಂಬಿಸುವ ರೊಕ್ಕ ಇರುವುದು ಬೇರೆ. ಮೊದಲು ಒಲಿಯ ವ್ಯವಸ್ಥೆ, ಆಮೇಲೆ ಕೊಡಲಿ. ಒಂದು ಪಟ್ಟಿ ಕಡಿದು ಅಲ್ಲಿ ಉರುವಲಿನ, ಮೇವಿನ ಗಿಡ ನಿಂತಮೇಲೆ ಇನ್ನೊಂದು ಪಟ್ಟಿ. ನಿಧಾನ ಆಗುತ್ತದೆ. ಆಗಲಿ.

ಎರಡನೆಯ ಅನುಮಾನ ಬೇಲಿಯದು. ಚಿಂಚೋಳಿಯ ಕಾಡಿನ ಒಳಗೂ ಅಂಚಿಗೂ ತಾಂಡಾಗಳಿವೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಪರಿಶಿಷ್ಟ ಪಂಗಡದಲ್ಲಲ್ಲ. ಹೀಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಹಕ್ಕು ಕೇಳಬೇಕಾದರೆ ಅವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೇವೆಂದು ರುಜುವಾತು ಮಾಡಬೇಕು. ಅಕ್ಷರವನ್ನೇ ಕೊಡದ ಸಮಾಜ 75 ವರ್ಷದ ಕಾಗದ ಕೇಳುತ್ತದೆ! ತೋಳಕ್ಕೆ ಕಾಡಿನಲ್ಲಿ ಇರಲು ಕಾಗದ ಬೇಡ, ಇರಬೇಕಾದ್ದೂ ಹಾಗೆಯೇ. ಆದರೆ ಮನುಷ್ಯನಿಗೆ ಬೇಕು.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಇದೇ ಪ್ರಶ್ನೆಗೆ. ದನ ಕುಡಿಯಬಹುದಾದ ನೀರು ನಮಗೆ ಯಾಕಿಲ್ಲ? ಆ ಹೋರಾಟ ದನದ ವಿರುದ್ಧ ಇರಲಿಲ್ಲ, ನೀರಿನ ವಿರುದ್ಧ ಇರಲಿಲ್ಲ. ನಡುವೆ ನಿಂತ ಬೇಲಿಯ ವಿರುದ್ಧ ಇತ್ತು. ಹಸಿರಾದ ಕೊಳ್ಳಕ್ಕೆ ಗೇಟು ಹಾಕಿ, ಟಿಕೀಟು ಇಟ್ಟು, ಮೇಕೆ ಕಾಯುವ ಹುಡುಗನನ್ನು ಹೊರಗೆ ನಿಲ್ಲಿಸಿದರೆ ಅದೂ ಇನ್ನೊಂದು ಚವದಾರ್ ಕೆರೆಯೇ.

ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿ ನಮಗೆ ದೂರವಲ್ಲ. ಇಲ್ಲಿನ ಸುಣ್ಣದ ಕಲ್ಲಿನಲ್ಲೇ ಕೆತ್ತಿದ ಬೌದ್ಧ ಸ್ತೂಪ ಅಲ್ಲಿ ಸಿಕ್ಕಿದೆ. ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದೆ. ಅವನ ಶಾಸನವೂ ಸಿಕ್ಕಿದೆ. ಬೇರೆ ಕಡೆ ಸಿಕ್ಕ ತನ್ನ ಎರಡನೆಯ ಬಂಡೆ ಶಾಸನದಲ್ಲಿ ಅಶೋಕ ಮನುಷ್ಯರಿಗೂ ಪ್ರಾಣಿಗಳಿಗೂ ಉಪಯೋಗವಾಗಲೆಂದು ಔಷಧದ ಗಿಡ ನೆಡಿಸಿದ, ದಾರಿಯಲ್ಲಿ ಮರ ಬೆಳೆಸಿದ, ಬಾವಿ ತೋಡಿಸಿದ ಮಾತು ಬರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ದೊರೆಯೊಬ್ಬ ನೆರಳನ್ನು ಎಲ್ಲರ ಹಕ್ಕೆಂದು ಕಲ್ಲಿನಲ್ಲಿ ಬರೆಸಿದ್ದು ಸಣ್ಣ ಮಾತಲ್ಲ. ಆದರೆ ಅದೇ ಅಶೋಕ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತಾನೆ. ಮರವನ್ನು ಪ್ರೀತಿಸಿ ಮರದ ಜೊತೆ ಬದುಕುವವರನ್ನು ಸಂಶಯದಿಂದ ನೋಡುವುದು ಅಷ್ಟು ಹಳೆಯ ರೋಗ. ಅಷ್ಟು ದೊಡ್ಡ ಮನಸ್ಸನ್ನೂ ಬಿಡಲಿಲ್ಲ.

ಇನ್ನು ಕೆಲವು ಸಂಗಾತಿಗಳು ಕೇಳುವ ಪ್ರಶ್ನೆ ಇನ್ನೂ ಕಠಿಣವಾದದ್ದು. "ಭೂಮಿ ಇಲ್ಲದವರಿಗೆ ಭೂಮಿ ಬೇಕು ಅಂತ ಹೋರಾಡ್ತಿದ್ದೇವೆ. ಉಳಿದ ಗಾಯರಾಣಕ್ಕೆಲ್ಲ ಕಂಟಿ ಬೆಳೆಸಿದ್ರ ನಮಗೇನು ಉಳೀತದ?" ಇದಕ್ಕೆ ನಮ್ಮ ಉತ್ತರ ನೇರವಾದದ್ದು. ಬಗರ್‌ಹುಕುಂ ಸಾಗುವಳಿ ಮಾಡುತ್ತಿರುವ ಬಡವನ ಎರಡೆಕರೆಯಿಂದ ಹಸಿರು ಶುರುವಾಗಬಾರದು. ಹಾಳು ಮಾಡಿದವರಿಂದ ಶುರುವಾಗಬೇಕು. ಈ ಸೀಮೆಯ ಪರಸಿ ಎಷ್ಟೋ ಊರಿನ ಮನೆಗಳಿಗೆ, ಸ್ಟೇಶನ್ನುಗಳಿಗೆ, ಪಾರ್ಕಿನ ಹಾದಿಗಳಿಗೆ ಹೋಯಿತು. ಕಲ್ಲು ಅಲ್ಲಿಗೆ ಹೋಯಿತು, ತಗ್ಗು ಇಲ್ಲಿ ಉಳಿಯಿತು. ನಗರದ ಉದ್ಯಾನ ಮತ್ತು ನಮ್ಮ ಖಣಿ ಒಂದೇ ಕಲ್ಲಿನ ಎರಡು ಮುಖ. ಆದ್ದರಿಂದ ನಗರದ ಕೊಳ್ಳಗಳಷ್ಟೇ ಅಲ್ಲ, ಈ ತಗ್ಗುಗಳೂ ಜೀರ್ಣೋದ್ಧಾರ ಆಗಬೇಕು.

ಇದು ದಾನ ಕೇಳುವ ಮಾತಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಗಿಡ-ಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡುವ ಷರತ್ತನ್ನು ಗುತ್ತಿಗೆದಾರರ ಮೇಲೆ ಹಾಕಬೇಕು, ಖರ್ಚು ಅವರದೇ ಎಂದು ಕೇಂದ್ರ ಸರಕಾರಕ್ಕೆ ನಿರ್ದೇಶನ ಕೊಟ್ಟಿದೆ. 2015ರ ಕಾಯ್ದೆ ತಿದ್ದುಪಡಿಯಿಂದ ಗಣಿ ಬಾಧಿತ ಜನರ ಹಿತಕ್ಕೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಡಿಗ್ರಿ ಮುಗಿಸಿದ ನಮ್ಮ ಮನೆಯ ಮೊದಲ ಮಕ್ಕಳು ನಾವು. ಈ ಕಾಗದಗಳನ್ನು ಓದಿ ಊರಿಗೆ ಹೇಳುವುದು, ಗ್ರಾಮಸಭೆಯಲ್ಲಿ ಎದ್ದು ಕೇಳುವುದು ನಮ್ಮ ಕೆಲಸ. ಕಲಿತ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಉಪಯೋಗ ಯಾವುದು?

ಆಗುತ್ತದೆಯೆ ಎಂದು ಕೇಳುವವರಿಗೆ ಎರಡು ಉದಾಹರಣೆ. ಹರಿಯಾಣದ ಗುರುಗ್ರಾಮದಲ್ಲಿ ಕಲ್ಲು ತೆಗೆದು ಹಾಳಾದ ಸುಮಾರು 390 ಎಕರೆ ಅರಾವಳಿ ಗುಡ್ಡದಲ್ಲಿ 2010ರಿಂದ ಅಲ್ಲಿನದೇ ಗಿಡಗಳನ್ನು ಬೆಳೆಸುತ್ತ ಬಂದರು. ಇವತ್ತು ಅದು ನಗರದ ನಡುವಿನ ಕಾಡು. ಇನ್ನೊಂದು ರಾಜಸ್ಥಾನದ ಜೋಧಪುರದ್ದು. ಕೋಟೆಯ ಕೆಳಗಿನ 70 ಹೆಕ್ಟೇರ್ ಬಂಡೆ ನೆಲದಲ್ಲಿ ಇದೇ ಬಳ್ಳಾರಿ ಜಾಲಿ ತುಂಬಿತ್ತು. 2006ರಲ್ಲಿ ಪ್ರದೀಪ್ ಕೃಷನ್ ಅವರ ಮುಂದಾಳತ್ವದಲ್ಲಿ ಅದನ್ನು ತೆಗೆಯಲು ಹೊರಟರು. ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಬಂಡೆಯೊಳಗೆ. ಕೊನೆಗೆ ಆ ಕೆಲಸ ಮಾಡಿದವರು ಖಂಡವಾಲಿಯಾ ಎಂಬ ಕಲ್ಲು ಗಣಿಯ ಕೆಲಸಗಾರರು. ಸುತ್ತಿಗೆಯಿಂದ ಬಂಡೆ ತಟ್ಟಿ, ಸದ್ದು ಕೇಳಿ, ಬಿರುಕು ಎಲ್ಲಿದೆ ಎಂದು ಹೇಳಬಲ್ಲವರು. ಅವರು ಬೇರು ಕಿತ್ತರು, ಆ ತಗ್ಗಿನಲ್ಲಿ ಮರಳುಗಾಡಿನ ಗಿಡ ನಿಂತವು.

ಈ ಮಾತು ಕೇಳಿದಾಗ ನಮಗೆ ನೆನಪಾದವರು ಶಹಾಬಾದ, ವಾಡಿ, ಚಿತ್ತಾಪುರದ ಖಣಿಗಳ ನಮ್ಮ ಅಣ್ಣಂದಿರು. ಕಲ್ಲಿನ ಪದರು ಎಲ್ಲಿ ಬಿಡುತ್ತದೆ ಎಂದು ಉಳಿ ಇಟ್ಟ ಕೈಗೇ ಗೊತ್ತಾಗುವ ಜನ. ಯಾವ ಹುಲ್ಲು ಯಾವ ಮಣ್ಣಿಗೆ ಮೊದಲು ಏಳುತ್ತದೆ ಎಂಬುದು ಕುರಿ ಕಾಯುವ ಕಾಕಾನಿಗೆ ಗೊತ್ತು. ಯಾವ ಬೇರು ಯಾವ ನೋವಿಗೆ ಎಂಬುದು ತಾಂಡಾದ ಅವ್ವನಿಗೆ ಗೊತ್ತು. ಇವರನ್ನು ದಿನಗೂಲಿಗೆ ತಗ್ಗು ತೋಡಲು ಕರೆದು, ತಜ್ಞನ ಕುರ್ಚಿಯಲ್ಲಿ ಬೇರೊಬ್ಬನನ್ನು ಕೂಡಿಸುವುದು ಹಳೆಯ ಅನ್ಯಾಯದ ಹೊಸ ಅವತಾರ. ಕೊಳ್ಳ ಹಸಿರಾಗುವ ಕೆಲಸದಲ್ಲಿ ಇವರು ಗುರುಗಳಾಗಬೇಕು, ಗುರುಗಳ ಸಂಬಳ ಪಡೆಯಬೇಕು.

ಹಳ್ಳಿಯ ಮಾಸ್ತರರಿಗೆ, ಕಾಲೇಜಿನ ತಮ್ಮಂದಿರಿಗೆ, ತಂಗಿಯರಿಗೆ ನಮ್ಮದೊಂದು ಬಿನ್ನಹ. ಜೂನ್ ಐದಕ್ಕೆ ಫೋಟೋ ತೆಗೆಸಿ ನೆಡುವ ಒಂದೇ ಜಾತಿಯ ಸಾಲು ಗಿಡ ಬೇಡ. ಸಾಲಿಯ ಕಂಪೌಂಡಿನ ಒಂದು ಮೂಲೆ, ಊರ ನಾಲಾದ ಒಂದು ದಂಡೆ, ಒಂದು ಹಳೆಯ ಖಣಿಯ ಅಂಚು ಸಾಕು. ಊರಿನ ಹಿರಿಯರನ್ನು, ಅದರಲ್ಲೂ ಹೆಂಗಸರನ್ನು ಕೇಳಿ ಇಲ್ಲಿ ಮೊದಲು ಏನಿತ್ತು ಎಂದು ಬರೆದುಕೊಳ್ಳಿ. ಬ್ಯಾಸಗಿಯಲ್ಲಿ ಬೀಜ ಆರಿಸಿ. ಮೊದಲ ಮಳೆಗೆ ಹುಲ್ಲು ಮೊದಲು, ಕಂಟಿ ಆಮೇಲೆ, ಮರ ಕೊನೆಗೆ. ಎಲ್ಲ ಕಡೆ ನೆಡಲೂಬೇಕಾಗಿಲ್ಲ. ಬೆಂಕಿ ತಪ್ಪಿಸಿ, ಎರಡು ಮಳೆಗಾಲ ಮೇಯಿಸದೆ ಬಿಟ್ಟರೆ ಸತ್ತಿತೆಂದುಕೊಂಡ ಮುತ್ತಲ ತನ್ನ ಬೇರಿನಿಂದ ತಾನೇ ಎದ್ದು ಬರುತ್ತದೆ. ಆ ಎರಡು ವರ್ಷ ಮೇಕೆ ಎಲ್ಲಿ ಮೇಯಬೇಕು ಎಂಬುದನ್ನು ಮಾತ್ರ ಮೇಕೆಯವರ ಜೊತೆ ಕೂತು ತೀರ್ಮಾನಿಸಿ. ಅವರ ಬೆನ್ನ ಹಿಂದೆ ಅಲ್ಲ.

ಒಂದು ನೆಲಕ್ಕೆ ಅದರ ಗಿಡ ತಿರುಗಿ ಕೊಡುವುದು, ಒಬ್ಬ ಮನುಷ್ಯನಿಗೆ ಅವನ ಮಾನ ತಿರುಗಿ ಕೊಡುವುದು, ಇವೆರಡು ಒಂದೇ ಅಲ್ಲ. ಮನುಷ್ಯನ ಮಾನ ದೊಡ್ಡದು, ಅದು ನಾಳೆಗೆ ಕಾಯುವ ಮಾತಲ್ಲ. ಆದರೆ ಎರಡಕ್ಕೂ ಅಡ್ಡ ನಿಂತವರು ಒಬ್ಬರೇ. ಯಾವುದು ತಮಗೆ ಲಾಭ ಕೊಡುವುದಿಲ್ಲವೋ ಅದು ಬೆಲೆಯಿಲ್ಲದ್ದು ಎನ್ನುವವರು. ಅವರ ಕಾಗದದಲ್ಲಿ ಪಾಳು ಎಂಬ ಪದ ಕಂಡಾಗಲೆಲ್ಲ ನಾವು ನಿಂತು ಕೇಳಬೇಕು: ಇದು ಯಾರಿಗೆ ಪಾಳು? ಇಲ್ಲಿ ಯಾರ ಒಲಿ ಉರೀತಿತ್ತು, ಯಾರ ಕುರಿ ಮೇಯ್ತಿತ್ತು, ಯಾವ ಹಕ್ಕಿ ಮರಿ ಮಾಡ್ತಿತ್ತು? ಉತ್ತರ ಬರೆದುಕೊಂಡು ಆಮೇಲೆ ಗುದ್ದಲಿ ಹಿಡಿಯೋಣ.